ಡಬ್ಬಿಯ ಮೇಲಿನ 99

ಅಂಕೋಲೆಯಂಥ ಊರಲ್ಲಿ ಹೈಸ್ಕೂಲ್ ಅಕ್ಕೋರಾದವಳಿಗೆ ಪ್ರೆಗ್ನೆನ್ಸಿ ಕಿಟ್ ಕೊಳ್ಳುವುದು ಹಗುರದ ಕೆಲಸವಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೂರುವ ಹುಡುಗ ನನ್ನ ಹತ್ತಿರವೇ ವಿಜ್ಞಾನ ಕಲಿತವನು, ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ. ಅದರಾಚೆಯ ಅಂಗಡಿ ಇವರ ದೊಡ್ಡಪ್ಪನ ಮಗನದು. ಅಲ್ಲಿ ಕೇಳಿದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಮದುವೆಯಾಗಿ ಕೆಲವು ವರ್ಷ ಕಳೆದ ಹೆಂಗಸು ಅಂಥದ್ದೊಂದು ಡಬ್ಬಿ ಕೊಂಡಳೆಂದರೆ ಊರಿನವರ ಲೆಕ್ಕದಲ್ಲಿ ಅದೇ ಅರ್ಧ ಬಸಿರು. ಹಾಗಾಗಿ ಮೊಬೈಲಿನಲ್ಲಿ ಆರ್ಡರ್ ಮಾಡಿದೆ. ಪಾರ್ಸೆಲ್ ಬಂದಾಗ ನಾನು ಶಾಲೆಯಲ್ಲಿದ್ದೆ. ಅತ್ತೆ ಇಸಿದುಕೊಂಡು, ಮೊಬೈಲ್ ಕವರ್ ಇರಬೇಕೆಂದು ಟಿವಿ ಪಕ್ಕ ಇಟ್ಟಿದ್ದರು.

ಅಂಗಡಿಯಲ್ಲಿ ಐವತ್ತು ಅರವತ್ತು ರೂಪಾಯಿಗೆ ಸಿಗುವ ಮಾಮೂಲಿ ಕಿಟ್ ಅದಲ್ಲ. ‘ಅರ್ಲಿ’ ಎಂದು ಬರೆದುಕೊಂಡ ದುಬಾರಿ ಮಾಲು. ಡಬ್ಬಿಯ ಮುಖದ ಮೇಲೆ ದೊಡ್ಡ ಅಕ್ಷರದಲ್ಲಿ ‘ಶೇ. 99ಕ್ಕಿಂತ ಹೆಚ್ಚು ನಿಖರ’. ಅದರ ಕೆಳಗೇ, ಅಷ್ಟೇ ದಪ್ಪದಲ್ಲಿ, ‘ಮುಟ್ಟು ತಪ್ಪುವ 6 ದಿನ ಮೊದಲೇ ತಿಳಿಯಿರಿ’. ಎರಡು ಸಾಲು ಮೇಲೆ ಕೆಳಗೆ ಇದ್ದರೆ ಓದುವ ಕಣ್ಣು ಎರಡನ್ನೂ ಸೇರಿಸಿಯೇ ಓದುತ್ತದೆ: ಆರು ದಿನ ಮೊದಲೇ, ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ. ನಾನೂ ಹಾಗೇ ಓದಿದೆ, ಹಾಗೆ ಓದಲೆಂದೇ ಅಚ್ಚು ಹಾಕಿದ್ದಲ್ಲವೇ. 99ರ ತಲೆಯ ಮೇಲೆ ಎಳ್ಳಿನಷ್ಟು ದೊಡ್ಡ ನಕ್ಷತ್ರವೊಂದಿತ್ತು. ಅದರ ಜೋಡಿ ನಕ್ಷತ್ರ ಡಬ್ಬಿಯ ತಳದ ಮಡಿಕೆಯಲ್ಲಿ, ಬ್ಯಾಚ್ ನಂಬರಿನ ಪಕ್ಕ ಅಡಗಿ ಕೂತಿತ್ತು. ಅಲ್ಲಿ ಬರೆದದ್ದು: ‘ಮುಟ್ಟು ಬರಬೇಕಾದ ದಿನದಿಂದ, ಪ್ರಯೋಗಾಲಯದ ಪರೀಕ್ಷೆಯಲ್ಲಿ’.

ಆ ನಕ್ಷತ್ರ ಕಣ್ಣಿಗೆ ಬಿದ್ದದ್ದು ಮೊದಲ ಕಿಟ್ ‘ಇಲ್ಲ’ ಅಂದ ಮೇಲೆ.

ಮಾಡುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಗಿನ ಮೊದಲ ಮೂತ್ರ, ಪುಟ್ಟ ಡ್ರಾಪರ್, ಎಸ್ ಎಂದು ಬರೆದ ಗುಂಡಿಗೆ ಮೂರು ಹನಿ. ಆಮೇಲೆ ನಡೆಯುವುದನ್ನು ಮಾತ್ರ ಹೆಚ್ಚಿನವರು ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ. ನಾನು ಬಚ್ಚಲುಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಗ್ಗಿ ನೋಡುತ್ತ ಕೂತೆ. ಹನಿ ಇಂಗಿದ ಸ್ವಲ್ಪ ಹೊತ್ತಿಗೆ ನಸುಗೆಂಪಿನ ಒಂದು ಅಲೆ ಕಿಟ್ಟಿನ ಪುಟ್ಟ ಕಿಂಡಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ತೆವಳುತ್ತದೆ. ಆ ಕೆಂಪು ಚಿನ್ನದ್ದು, ಅಣುಅಣುವಾಗಿ ಪುಡಿಯಾದ ಚಿನ್ನ ಕೆಂಪಾಗಿ ಕಾಣುತ್ತದೆ. ಚಿನ್ನದ ಆ ಕಣಗಳಿಗೆ, ಬಸಿರು ನಿಂತಾಗ ಮೈಯಲ್ಲಿ ಏರುವ ಎಚ್‌ಸಿಜಿ ಎಂಬ ಹಾರ್ಮೋನನ್ನು ಹಿಡಿಯುವ ಪ್ರತಿಕಾಯ ಅಂಟಿಸಿರುತ್ತಾರೆ. ಮೂತ್ರದಲ್ಲಿ ಹಾರ್ಮೋನು ಇದ್ದರೆ ಕಣಗಳು ಅದನ್ನು ಹೊತ್ತುಕೊಂಡೇ ಮುಂದೆ ಹೋಗಿ ಟಿ ಎಂಬಲ್ಲಿ ಸಿಕ್ಕಿಕೊಂಡು ಗೆರೆಯಾಗುತ್ತವೆ. ಇಲ್ಲದಿದ್ದರೆ ಟಿಯನ್ನು ದಾಟಿ ಸಿ ಹತ್ತಿರ ಮಾತ್ರ ನಿಲ್ಲುತ್ತವೆ. ಸಿ ಗೆರೆ ಮೂಡಿತೆಂದರೆ ಪಟ್ಟಿ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ಮಕ್ಕಳಿಗೆ ಕಾಗದದ ಮೇಲೆ ಶಾಯಿ ಏರುವ ಪ್ರಯೋಗ ಮಾಡಿಸುವವಳಿಗೆ ಇದು ನೋಡಲು ಚಂದವೇ. ನನ್ನ ಕಿಟ್ಟಿನಲ್ಲಿ ಸಿ ಮಾತ್ರ ಮೂಡಿತು. ಇವರು ಹೊರಗಿನಿಂದ ‘ಎಂಥ ಆಯ್ತೇ ಮಾರಾಯ್ತಿ, ಬಸ್ ತಪ್ತದೆ’ ಎಂದು ಕೂಗುತ್ತಿದ್ದರು. ಸೀಬರ್ಡ್ ನೌಕಾನೆಲೆಯ ಡ್ಯೂಟಿಗೆ ಹೋಗುವ ಬಸ್ಸು ಯಾರ ಗೆರೆಗೂ ಕಾಯುವುದಿಲ್ಲ.

ಡಬ್ಬಿಯಲ್ಲಿ ಇನ್ನೂ ಕಿಟ್‌ಗಳಿದ್ದವು. ಒಂದೊಂದಾಗಿ ಅವೂ ಮುಗಿದವು, ಮೊಬೈಲಿನ ಆ್ಯಪ್ ತೋರಿಸಿದ ಮುಟ್ಟಿನ ತಾರೀಖಿನ ದಿನವೂ ಸೇರಿ. ಎಲ್ಲದರಲ್ಲೂ ಒಂದೇ ಗೆರೆ. ಅವುಗಳಲ್ಲೊಂದನ್ನು ಸಂಜೆ ಶಾಲೆಯಿಂದ ಬಂದು ಕಸದ ಬುಟ್ಟಿಯಿಂದ ಮತ್ತೆ ತೆಗೆದು ನೋಡಿದಾಗ ಟಿ ಇರಬೇಕಾದಲ್ಲಿ ಬೂದು ಬಣ್ಣದ ನೆರಳಿತ್ತು. ಎದೆ ಧಸಕ್ಕೆಂದಿತು. ಅದು ನೀರಾರಿದ ಗುರುತು. ಕೆಂಪಿನ ಸುಳಿವೇ ಇಲ್ಲದ ಆ ಗೆರೆಗೆ ಲೆಕ್ಕವಿಲ್ಲ. ಹೇಳಿದ ನಿಮಿಷ ದಾಟಿದ ಮೇಲೆ ಓದಬೇಡಿ ಎಂದು ಎಲ್ಲ ಕಿಟ್ಟಿನಲ್ಲೂ ಬರೆದಿರುತ್ತದೆ. ಆದರೂ ಬುಟ್ಟಿಗೆ ಕೈ ಹಾಕದ ಹೆಂಗಸು ಇದ್ದರೆ ನನಗೆ ತೋರಿಸಿ.

99ಕ್ಕಿಂತ ಹೆಚ್ಚು ಖಾತ್ರಿಯ ವಸ್ತು ಇಷ್ಟು ಸಲ ಇಲ್ಲವೆಂದರೆ ಇಲ್ಲವೆಂದೇ ತಾನೇ? ಹಾಗಾದರೆ ಮುಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಶಾಲೆಯ ಹಿಂದಿನ ಕಾರಿಡಾರಿನಲ್ಲಿ ನಿಂತು, ಡಬ್ಬಿಯ ಮೇಲಿದ್ದ ಗ್ರಾಹಕ ಸೇವೆಯ ನಂಬರಿಗೆ ಫೋನ್ ಹಚ್ಚಿದೆ. ಮಳೆ ಎಷ್ಟು ಜೋರಾಗಿತ್ತೆಂದರೆ ಅತ್ತ ಕಡೆಯ ಹುಡುಗಿಗೆ ನಾನು ಕೂಗಿಯೇ ಹೇಳಬೇಕಾಯಿತು. ಇಂಥ ವಿಷಯ ಕೂಗಿ ಹೇಳುವಂಥದ್ದೇ?

‘ಮೇಡಂ, ನಮ್ಮ ಪ್ರಾಡಕ್ಟ್ ನೈಂಟಿನೈನ್ ಪರ್ಸೆಂಟ್ ಅಕ್ಯುರೇಟ್.’

‘ಯಾವ ದಿನಕ್ಕೆ?’

‘ಸಿಕ್ಸ್ ಡೇಸ್ ಮೊದಲೇ ಟೆಸ್ಟ್ ಮಾಡಬಹುದು ಮೇಡಂ.’

‘ಮಾಡಬಹುದು, ಸರಿ. ಮಾಡಿದ್ರೆ ಅದು ನೂರಕ್ಕೆ ಎಷ್ಟು ಸರಿ ಹೇಳ್ತದೆ?’

‘ಲೀಫ್‌ಲೆಟ್‌ನಲ್ಲಿ ಇರ್ತದೆ ಮೇಡಂ. ಇನ್ನೇನಾದ್ರೂ ಸಹಾಯ ಬೇಕಿತ್ತಾ?’

ಆ ಹುಡುಗಿಯದೇನೂ ತಪ್ಪಿಲ್ಲ, ಓದಲು ಕೊಟ್ಟದ್ದನ್ನು ಓದಿದಳು. ಅದೇ ಪ್ರಶ್ನೆಯನ್ನು ರಾತ್ರಿ ಕಂಪನಿಗೆ ಈಮೇಲ್ ಮಾಡಿ, ಲೀಫ್‌ಲೆಟ್ ಬಿಡಿಸಿ ಕೂತೆ. ಎಂಟು ಮಡಿಕೆಯ ಕಾಗದ. ಹಿಂಬದಿಯಲ್ಲಿ ಒಂದು ಕೋಷ್ಟಕ. ಆರು ದಿನ ಮೊದಲಿನ ಸಾಲಿನಲ್ಲಿ ಇದ್ದದ್ದು ಎಪ್ಪತ್ತೈದರ ಆಸುಪಾಸಿನ ಅಂಕಿ. ನಿಜಕ್ಕೂ ಬಸುರಿಯಾದ ನಾಲ್ವರಲ್ಲಿ ಒಬ್ಬಳಿಗೆ ‘ಇಲ್ಲ’ ಎನ್ನುವ ಅಂಕಿ ಅದು. ಹತ್ತಿರ ಬಂದಂತೆ ಅಂಕಿ ಏರುತ್ತ ಹೋಗಿ, 99 ಕಾಣುವುದು ಕೊನೆಗೆ.

ಕೋಷ್ಟಕದಲ್ಲಿ ಇನ್ನೊಂದು ಜಾಣತನವಿತ್ತು. ಮುಟ್ಟು ‘ತಪ್ಪಿದ’ ದಿನ ಎಂದರೆ ಬರಬೇಕಾದ ದಿನದ ಮರುದಿನ ಎಂದು ಅವರ ಲೆಕ್ಕ. ಹಾಗಾಗಿ ಡಬ್ಬಿಯ ಮೇಲಿನ ಆರು ದಿನ, ನಾವು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನದಿಂದ ಎಣಿಸಿದರೆ ಐದೇ. ಮುಖದ ಮೇಲೆ ದೊಡ್ಡ ಅಂಕಿ ಬಂದರೆ ಮಾಲು ಓಡುತ್ತದೆ, ಅಷ್ಟೇ ವಿಷಯ.

ಪ್ರಯೋಗಾಲಯದ 99 ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಹಾರ್ಮೋನು ಇಷ್ಟಿದೆ ಎಂದು ಮೊದಲೇ ಗೊತ್ತಿರುವ ಮೂತ್ರವನ್ನೂ, ಇಲ್ಲವೇ ಇಲ್ಲ ಎಂದು ಗೊತ್ತಿರುವುದನ್ನೂ ಪಟ್ಟಿಗೆ ಹಾಕಿ ನೋಡುತ್ತಾರೆ, ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿ ಹೇಳುತ್ತದೆ. ಮೀನುಪೇಟೆಯಲ್ಲಿ ತಕ್ಕಡಿ ಸರಿಯಿದೆಯೆಂದು ಮುದ್ರೆ ಒತ್ತಿಸಿಕೊಂಡ ಮಾತ್ರಕ್ಕೆ ಬುಟ್ಟಿಯಲ್ಲಿ ಇಸ್ವಾಣ ಇದೆ ಎಂದಾಗುವುದಿಲ್ಲ. ನಾನು ಕೇಳುತ್ತಿದ್ದದ್ದು ಬುಟ್ಟಿಯ ಪ್ರಶ್ನೆ, ಡಬ್ಬಿ ಕೊಡುತ್ತಿದ್ದದ್ದು ತಕ್ಕಡಿಯ ಉತ್ತರ.

ಬುಟ್ಟಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಅಮೆರಿಕದ ಒಂದು ಹಳೆಯ ಅಧ್ಯಯನ. ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ, ಮಗು ಬೇಕೆಂದು ಕಾಯುತ್ತಿದ್ದ ನಾರ್ತ್ ಕೆರೊಲಿನಾದ 221 ಹೆಂಗಸರಿಂದ ದಿನಾ ಬೆಳಗಿನ ಮೂತ್ರ ಸಂಗ್ರಹಿಸಿದರು. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿದ ಮೇಲೆಯೇ ಎಚ್‌ಸಿಜಿ ಮೂತ್ರದಲ್ಲಿ ಕಾಣಿಸಿಕೊಳ್ಳುವುದು. ಆ ಅಂಟುವಿಕೆ ಅಂಡ ಬಿಡುಗಡೆಯಾದ 6ರಿಂದ 12ನೇ ದಿನದೊಳಗೆ, ಬಹಳಷ್ಟು ಜನರಲ್ಲಿ 8, 9 ಅಥವಾ 10ನೇ ದಿನ ಆಗುತ್ತದೆ ಎಂದು 1999ರಲ್ಲಿ ಪ್ರಕಟಿಸಿದರು. 2001ರಲ್ಲಿ ಅದೇ ಮಾಹಿತಿಯಿಂದ ಇನ್ನೊಂದು ಲೆಕ್ಕ ತೆಗೆದರು: ಬಸುರಿಯಾದ ನೂರು ಜನರಲ್ಲಿ ಸುಮಾರು ಹತ್ತು ಜನರಿಗೆ, ಮುಟ್ಟು ಬರಬೇಕಾದ ದಿನ ಬಂದರೂ ಭ್ರೂಣ ಇನ್ನೂ ಅಂಟಿರುವುದಿಲ್ಲ. ಅಂಟದ ಮೇಲೆ ಹಾರ್ಮೋನು ಎಲ್ಲಿಂದ ಬರಬೇಕು? ಜಗತ್ತಿನಲ್ಲೇ ಶ್ರೇಷ್ಠವಾದ ಕಿಟ್ ತಂದರೂ ಆ ದಿನಕ್ಕೆ 90ರ ಮೇಲೆ ಹೋಗುವಂತಿಲ್ಲ. ಒಂದು ವಾರ ಕಾದರೆ 97. ಇದು ದೇಹ ಹಾಕಿದ ಗಡಿ, ಕಂಪನಿಯ ತಂತ್ರಜ್ಞಾನಕ್ಕೆ ಸಂಬಂಧಿಸಿದ್ದಲ್ಲ.

ಇನ್ನು ಕಿಟ್‌ಗಳೂ ಎಲ್ಲ ಶ್ರೇಷ್ಠವಲ್ಲ. ಲಾರೆನ್ಸ್ ಕೋಲ್ ಎಂಬ ಸಂಶೋಧಕರ ತಂಡ 2004ರಲ್ಲಿ ಅಲ್ಲಿಯ ಮಾರುಕಟ್ಟೆಯ 18 ಬಗೆಯ ಕಿಟ್ ಪರೀಕ್ಷಿಸಿತ್ತು. ಮುಟ್ಟು ತಪ್ಪಿದ ಹೊತ್ತಿಗೆ ನೂರರಲ್ಲಿ 95 ಬಸಿರನ್ನು ಹಿಡಿಯಬೇಕಾದರೆ ಒಂದು ಮಿಲಿಲೀಟರಿನಲ್ಲಿ 12.5 ಮಿಲಿ-ಘಟಕದಷ್ಟು (mIU) ಹಾರ್ಮೋನನ್ನು ಗುರುತಿಸಬೇಕು. ಅಷ್ಟು ಸೂಕ್ಷ್ಮವಾಗಿದ್ದದ್ದು ಆ ಹದಿನೆಂಟರಲ್ಲಿ ಒಂದೇ ಒಂದು. ಮೊದಮೊದಲು ಮನೆಪರೀಕ್ಷೆ ಬಂದಾಗಿನ ಜಾಹೀರಾತು ಇದಕ್ಕಿಂತ ಪ್ರಾಮಾಣಿಕವಾಗಿತ್ತು ಅನಿಸುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆ ಕಿಟ್ಟಿಗೆ ಎರಡು ತಾಸು ಕಾಯಬೇಕಿತ್ತು. ಆದರೆ ‘ಹೌದು’ ಎಂದರೆ ನೂರಕ್ಕೆ 97, ‘ಇಲ್ಲ’ ಎಂದರೆ ನೂರಕ್ಕೆ 80 ಎಂದು ಎರಡನ್ನೂ ಬೇರೆಬೇರೆ ಹೇಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಆ ಎರಡನೆಯ ಅಂಕಿ. ಈಗಿನ ಡಬ್ಬಿಗಳಲ್ಲಿ ಎರಡೂ ಕರಗಿ ಒಂದೇ 99 ಆಗಿದೆ.

ಅಷ್ಟರಲ್ಲಿ ಅತ್ತೆಗೆ ವಾಸನೆ ಹತ್ತಿತ್ತು. ಅವರು ನೇರವಾಗಿ ಕೇಳುವವರಲ್ಲ. ಊರ ಮನೆಗೆ ಹೋದಾಗ ಆಶಾ ಕಾರ್ಯಕರ್ತೆಯನ್ನು ಚಹಾಕ್ಕೆ ಕರೆದರು, ಅಷ್ಟೇ. ಆ ಅಕ್ಕನ ಚೀಲದಲ್ಲಿ ಸರ್ಕಾರದ ‘ನಿಶ್ಚಯ’ ಕಿಟ್ ಯಾವಾಗಲೂ ಇರುತ್ತದೆ, ಪುಕ್ಕಟೆ. ‘ಕೊಡಿ ಹಾಗಾದ್ರೆ, ಈಗ್ಲೇ ನೋಡ್ವಾ’ ಅಂದೆ. ಅವರು ಚೀಲದ ಬಾಯಿ ಮುಚ್ಚಿಯೇ ಹಿಡಿದು, ‘ತಾರೀಕು ದಾಟಿ ಎಷ್ಟಾಯ್ತು ಅಕ್ಕೋರೇ?’ ಎಂದು ಕೇಳಿದರು. ಹೇಳಿದೆ. ‘ಗಡಿಬಿಡಿ ಮಾಡೂದು ಬೇಡ. ವಾರ ತುಂಬ್ಲಿ. ಈಗ ಹಾಕಿ ಇಲ್ಲ ಅಂತ ಬಂದ್ರೆ ನೀವೂ ಊಟ ಬಿಡೂದು, ಅತ್ತೆನೂ ಊಟ ಬಿಡೂದು.’ ವಿಲ್ಕಾಕ್ಸ್ ಲೆಕ್ಕದ ಒಂದು ವಾರ ಈ ಅಕ್ಕನಿಗೆ ಹೇಗೆ ಗೊತ್ತು ಎಂದು ಕೇಳಿದರೆ ನಕ್ಕರು. ಬೇಗ ಹಾಕಿಸಿಕೊಂಡು ‘ಇಲ್ಲ’ ಅನ್ನಿಸಿಕೊಂಡ ಹೆಂಗಸರು ಗದ್ದೆ ಕೆಲಸಕ್ಕೆ ಇಳಿದು, ಸಿಕ್ಕ ನೋವಿನ ಗುಳಿಗೆ ನುಂಗಿ, ಮೂರು ತಿಂಗಳು ತುಂಬಿದ ಮೇಲೆ ತಾಯಿ ಕಾರ್ಡ್ ಮಾಡಿಸಲು ಬರುವುದನ್ನು ಅವರು ಎಷ್ಟೋ ನೋಡಿದ್ದರು. 12 ವಾರದೊಳಗೆ ನೋಂದಣಿ ಆಗದಿದ್ದರೆ ಮೀಟಿಂಗಿನಲ್ಲಿ ಬೈಸಿಕೊಳ್ಳುವುದು ಅವರೇ.

ವಾರ ತುಂಬುವವರೆಗೆ ಕಾದೆ ಎಂದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ದೊಡ್ಡಪ್ಪನ ಮಗನ ಅಂಗಡಿಯಿಂದ ಇವರೇ ತಂದರು, ಪೇಪರಿನಲ್ಲಿ ಸುತ್ತಿ, ಮೇಲೆ ಒಂದು ಗ್ಲೂಕೋಸ್ ಪೊಟ್ಟಣ ಇಟ್ಟು. ಆ ಮಾಮೂಲಿ ಕಿಟ್ಟಿನಲ್ಲಿ ಮೂರನೇ ನಿಮಿಷಕ್ಕೆ ಟಿ ಹತ್ತಿರ ಎಳೆಯಷ್ಟು ಗುಲಾಬಿ ಕಂಡಿತು. ಬೆಳಕಿಗೆ ಓರೆ ಹಿಡಿದರೆ ಇದೆ, ನೇರ ಹಿಡಿದರೆ ಇಲ್ಲ. ಇವರಿಗೆ ಕಾಣಲಿಲ್ಲ. ‘ನಿಂಗೆ ಬೇಕು ಅಂತ ಕಾಣ್ತದೆ’ ಅಂದರು. ಫೋಟೋ ತೆಗೆದು ಬೆಳಕು ಹೆಚ್ಚಿಸಿ ತೋರಿಸಿದೆ. ಆಗಲೂ ಒಪ್ಪಲಿಲ್ಲ.

ಸಂಭ್ರಮಪಡಲು ನನಗೂ ಧೈರ್ಯ ಸಾಲಲಿಲ್ಲ. ‘ಹೌದು’ ಎನ್ನುವ ಗೆರೆಯೂ ಕೈಕೊಟ್ಟದ್ದನ್ನು ಮನೆಯಲ್ಲೇ ನೋಡಿದ್ದೆವು. ಹುಬ್ಬಳ್ಳಿಯಲ್ಲಿರುವ ನಾದಿನಿ ಚಿಕಿತ್ಸೆಯಲ್ಲಿದ್ದಾಗ ಅಂಡ ಬಿಡುಗಡೆಗೆಂದು ಕೊಟ್ಟ ಇಂಜೆಕ್ಷನ್ ಎಚ್‌ಸಿಜಿಯದೇ. ಅದು ಮೈಯಿಂದ ಪೂರ್ತಿ ಹೋಗಲು ಹತ್ತು ಹದಿನಾಲ್ಕು ದಿನ ಬೇಕು. ಅಷ್ಟರೊಳಗೆ ಕಿಟ್ ಹಾಕಿ ಎರಡು ಗೆರೆ ಕಂಡು, ಮನೆಯಲ್ಲಿ ಪಾಯಸವೂ ಆಗಿತ್ತು. ಗೆರೆ ದಿನೇ ದಿನೇ ತೆಳುವಾಗಿ ಹೋಯಿತು. ಅವಳ ಕಿಟ್ ಹಾರ್ಮೋನನ್ನು ಸರಿಯಾಗಿಯೇ ಹಿಡಿದಿತ್ತು, 99ರ ಲೆಕ್ಕದಲ್ಲಿ ಅದೂ ಪಾಸೇ. ಇಂಜೆಕ್ಷನ್ ಕೊಟ್ಟ ಕಡೆ ಈ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಸಹೋದ್ಯೋಗಿಯೊಬ್ಬರದು ಇನ್ನೊಂದು ಬಗೆ: ತಾರೀಖಿಗೆ ಮೊದಲೇ ಗೆರೆ ಬಂತು, ತಾರೀಖು ದಾಟಿ ಸ್ವಲ್ಪ ದಿನಕ್ಕೆ ಮುಟ್ಟೂ ಬಂತು. ಅದು ನಿಜವಾದ ಬಸಿರೇ, ನಿಲ್ಲಲಿಲ್ಲ. ಅದೇ 221 ಹೆಂಗಸರ ಅಧ್ಯಯನದಲ್ಲಿ ಗರ್ಭಗಳ ಪೈಕಿ ನೂರಕ್ಕೆ 22, ಬಸಿರೆಂದು ಗೊತ್ತಾಗುವ ಮೊದಲೇ ಹೋಗಿದ್ದವು. ನಮ್ಮ ಅಜ್ಜಿಯರ ಕಾಲದಲ್ಲಿ ಅದು ಈ ಸಲ ತಡವಾಗಿ ಬಂದ ಮುಟ್ಟು. ಈಗ ಅದಕ್ಕೊಂದು ಗುಲಾಬಿ ಗೆರೆಯ ಫೋಟೋ ಇರುತ್ತದೆ, ದುಃಖವೂ ಇರುತ್ತದೆ. ಬೇಗ ತಿಳಿಯುವುದಕ್ಕೆ ಕೊಡುವ ಬೆಲೆಯಲ್ಲಿ ಇದನ್ನು ಯಾವ ಡಬ್ಬಿಯೂ ಸೇರಿಸುವುದಿಲ್ಲ.

ಕಾರವಾರದ ಡಾಕ್ಟರರ ಹತ್ತಿರ ಹೋದೆವು. ಅವರು ಎಳೆಗೆರೆಯ ಫೋಟೋದ ಕಡೆ ನೋಡಲೂ ಇಲ್ಲ. ‘ಹೊಟ್ಟೆಯ ಒಂದು ಮಗ್ಗುಲು ನೋವಿದೆಯಾ? ರಕ್ತದ ಕಲೆ ಕಾಣಿಸ್ತಿದೆಯಾ? ತಲೆ ತಿರುಗ್ತದಾ?’ ಎಂದು ಮೊದಲು ಅದನ್ನೇ ಕೇಳಿದರು. ಭ್ರೂಣ ಗರ್ಭನಾಳದಲ್ಲೇ ಸಿಕ್ಕಿಕೊಂಡಿದ್ದರೆ ಗೆರೆ ತೆಳುವಾಗಿಯೇ ಉಳಿಯಬಹುದು. ನಾಳ ಒಡೆದರೆ ಜೀವಕ್ಕೇ ಅಪಾಯ. ದೊಡ್ಡ ಆಸ್ಪತ್ರೆಗೆಂದು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಓಡುವ ನಮ್ಮ ಜಿಲ್ಲೆಯಲ್ಲಿ, ಮಳೆಗಾಲದಲ್ಲಿ, ಆ ಮಾತು ಕೇಳಿಯೇ ಕೈಕಾಲು ತಣ್ಣಗಾಯಿತು. ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಬರೆದುಕೊಟ್ಟರು. 48 ತಾಸು ಬಿಟ್ಟು ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಬೇಕು, ಲ್ಯಾಬ್ ಬದಲಾದರೆ ಅಳೆಯುವ ವಿಧಾನ ಬದಲಾಗಿ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. 5ಕ್ಕಿಂತ ಕಡಿಮೆ ಬಂದರೆ ಇಲ್ಲ, 25 ದಾಟಿದರೆ ಹೌದು, ನಡುವಿನದು ಅನುಮಾನ. ಒಂದು ಅಂಕಿಗಿಂತ ಎರಡು ಅಂಕಿಯ ನಡುವಿನ ಏರಿಕೆ ಮುಖ್ಯ. ಎರಡು ಪಟ್ಟೇ ಆಗಬೇಕೆಂದಿಲ್ಲ, ಮೊದಲಿನ ಅಂಕಿ ಸಣ್ಣದಿದ್ದಾಗ ಅದರ ಅರ್ಧದಷ್ಟಾದರೂ ಏರಬೇಕು.

ರಕ್ತ ಹೋಗುವುದು ಹುಬ್ಬಳ್ಳಿಗೆ. ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಅಡ್ಡ ನಿಂತಿತೆಂದು ಮೊದಲ ವರದಿ ಮರುದಿನಕ್ಕೆ ಬಿತ್ತು. 38. ಎರಡನೆಯದು 85. ಇವರು ಆ ಎರಡು ಅಂಕಿ ನೋಡಿದ ಮೇಲೆ, ‘ಆವತ್ತು ಗೆರೆ ಇತ್ತು ಬಿಡು, ನಂಗೂ ಸ್ವಲ್ಪ ಕಂಡಿತ್ತು’ ಅಂದರು.

ಹಾಗಾದರೆ ದುಬಾರಿ ಕಿಟ್ ಮುಟ್ಟಿನ ತಾರೀಖಿನ ದಿನವೂ ಇಲ್ಲವೆಂದದ್ದೇಕೆ? ಅದು ಬಗೆಹರಿದದ್ದು ಸ್ಕ್ಯಾನಿಂಗಿನಲ್ಲಿ. ಕೊನೆಯ ಮುಟ್ಟಿನಿಂದ ಎಣಿಸಿದ ವಾರಕ್ಕಿಂತ ಭ್ರೂಣ ಹೆಚ್ಚುಕಡಿಮೆ ಒಂದು ವಾರ ಚಿಕ್ಕದಿತ್ತು. ಬೆಳವಣಿಗೆ ಕುಂಠಿತವೇ ಎಂದು ಗಾಬರಿಯಾದೆ. ಡಾಕ್ಟರು ‘ಆ ತಿಂಗಳು ಅಂಡ ಬಿಡುಗಡೆ ತಡವಾಗಿದೆ, ಅಷ್ಟೇ. ಎದೆಬಡಿತ ಚೆನ್ನಾಗಿದೆ’ ಅಂದರು. ಆ್ಯಪ್ ಹಿಂದಿನ ತಿಂಗಳುಗಳ ಸರಾಸರಿ ತೆಗೆದು ತಾರೀಖು ತೋರಿಸಿತ್ತು. ಆ ತಿಂಗಳು ನನ್ನ ಮೈ ಆ ಸರಾಸರಿಯನ್ನು ಕೇಳಿರಲಿಲ್ಲ. ಜೂನಿನಲ್ಲಿ ಶಾಲೆ ಶುರುವಾದ ಗಡಿಬಿಡಿ, ಜ್ವರ, ಏನೋ ಒಂದು ಕಾರಣ. ತಾರೀಖಿನ ದಿನ ನಾನು ಕಿಟ್ ಹಾಕಿದಾಗ ಭ್ರೂಣ ಗೋಡೆಗೆ ಅಂಟುವ ಸನ್ನಾಹದಲ್ಲಿತ್ತೋ ಏನೋ. ಅದಕ್ಕೂ ಮೊದಲು ಹಾಕಿದ ಕಿಟ್‌ಗಳ ದುಡ್ಡು ನೀರಿನಲ್ಲಿ ಹೋಮ. ಡಬ್ಬಿಯವರು ‘6 ದಿನ ಮೊದಲು’ ಎಂದಾಗ ಯಾವ ದಿನಕ್ಕೆ ಮೊದಲು ಎಂಬುದು ಹೆಂಗಸಿಗೆ ಖಚಿತವಾಗಿ ಗೊತ್ತಿದೆ ಎಂದು ಹಿಡಿದೇ ಹೇಳುತ್ತಾರೆ. ಗಡಿಯಾರದ ಮುಳ್ಳಿನಂತೆ ತಿಂಗಳು ಬರುವವರು ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟಿದ್ದಾರೆ ಎಂದು ಕೇಳಿ ನೋಡಿದೆ. ಎಲ್ಲರೂ ನಕ್ಕರು, ಒಬ್ಬರೂ ಕೈ ಎತ್ತಲಿಲ್ಲ.

ಕಂಪನಿಯಿಂದ ಉತ್ತರ ಬಂದಾಗ ನನ್ನ ತಾಯಿ ಕಾರ್ಡ್ ಆಗಿತ್ತು. ಆಶಾ ಅಕ್ಕನೇ ಮುಂದೆ ನಿಂತು ಮಾಡಿಸಿದ್ದರು, 12 ವಾರದೊಳಗೆ. ಈಮೇಲಿನಲ್ಲಿ ಮೊದಲ ಸಾಲು ‘ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ’. ಎರಡನೆಯದು, ಅವರ ಉತ್ಪನ್ನ ಪ್ರಯೋಗಾಲಯದಲ್ಲಿ ಶೇ. 99ಕ್ಕಿಂತ ಹೆಚ್ಚು ನಿಖರವೆಂದು. ಆರು ದಿನ ಮೊದಲಿನ ಅಂಕಿಯನ್ನು ಡಬ್ಬಿಯ ಮುಖದ ಮೇಲೆ ಏಕೆ ಹಾಕುವುದಿಲ್ಲ ಎಂಬ ಪ್ರಶ್ನೆಯ ಬಗ್ಗೆ ಚಕಾರವಿಲ್ಲ. ನನಗಾದ ಅನಾನುಕೂಲಕ್ಕೆ ವಿಷಾದಿಸಿ, ಅದೇ ಕಿಟ್ಟಿನ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಲಗತ್ತಿಸಿದ್ದರು. ಅದರ ಅವಧಿ ಮೂರು ತಿಂಗಳು.